ಹಸಿ ಮೀನು, ಸೀಗಡಿಯಲ್ಲಿ ಬ್ಯಾಕ್ಟೀರಿಯಾ: ತಾಜಾತನ ನೋಡಿ ಕೊಂಡರೆ ಸಾಕೇ?

ಮನೆಯಡುಗೆ (ಪ್ರಶ್ನೆ):

ನಮಸ್ಕಾರ. ಕಳೆದ ತಿಂಗಳು ನಮ್ಮ ಮನೆಯಲ್ಲಿ ನಡೆದ ಒಂದು ಘಟನೆಯ ನಂತರ ನನ್ನನ್ನು ಕಾಡುತ್ತಿರುವ ಕೆಲವು ಸಂದೇಹಗಳನ್ನು ವಿಷಯ ಬಲ್ಲವರ ಮುಂದೆ ಇಡುತ್ತಿದ್ದೇನೆ. ಮಾರುಕಟ್ಟೆಯಿಂದ ತಂದ ಹಸಿ ಸೀಗಡಿಯನ್ನು ನಾನೇ ಬಿಡಿಸಿ, ತೊಳೆದು, ಚೆನ್ನಾಗಿ ಬೇಯಿಸಿ ಬಡಿಸಿದ್ದೆ. ಸೀಗಡಿಗೆ ಕೆಟ್ಟ ವಾಸನೆಯಿರಲಿಲ್ಲ, ತಲೆ ಕಳಚಿಕೊಂಡಿರಲಿಲ್ಲ, ಮೈ ಗಟ್ಟಿಯಾಗಿತ್ತು. ತಾಜಾತನವನ್ನು ಗುರುತಿಸಲು ನನಗೆ ಗೊತ್ತಿರುವ ಎಲ್ಲ ಲಕ್ಷಣಗಳೂ ಅದರಲ್ಲಿದ್ದವು. ಆದರೂ ಮರುದಿನ ಬೆಳಗಾಗುವ ಹೊತ್ತಿಗೆ ಮನೆಯ ಇಬ್ಬರಿಗೆ ಹೊಟ್ಟೆನುಲಿತ, ನೀರಿನಂಥ ಭೇದಿ ಮತ್ತು ಸಣ್ಣ ಜ್ವರ ಶುರುವಾದವು. ನನಗೆ ಇಂದಿಗೂ ಅರ್ಥವಾಗದಿರುವುದು ಇದು: ಆ ಇಬ್ಬರಲ್ಲಿ ಒಬ್ಬಳಾದ ನನ್ನ ಮಗಳು ಸೀಗಡಿಯನ್ನು ತಿಂದೇ ಇರಲಿಲ್ಲ. ಅವಳು ತಿಂದಿದ್ದು ಅನ್ನ ಮತ್ತು ಹೆಚ್ಚಿಟ್ಟಿದ್ದ ಸೌತೆಕಾಯಿ ಮಾತ್ರ. ಮೂರು ದಿನಗಳಲ್ಲಿ ಇಬ್ಬರೂ ಚೇತರಿಸಿಕೊಂಡರು.

ಆಮೇಲೆ ಈ ಬಗ್ಗೆ ಓದುತ್ತಾ ಹೋದಾಗ, ಚಿಲ್ಲರೆ ಮಾರುಕಟ್ಟೆಗಳ ಹಸಿ ಮೀನಿನ ಮಾದರಿಗಳಲ್ಲಿ ವಿಬ್ರಿಯೊ, ಇ. ಕೋಲೈ, ಸಾಲ್ಮೊನೆಲ್ಲಾ, ಲಿಸ್ಟೀರಿಯಾ ಮುಂತಾದವು ಪತ್ತೆಯಾದ ವರದಿಗಳು ಬೇರೆ ಬೇರೆ ದೇಶಗಳಿಂದ ಬಂದಿರುವುದನ್ನು ಕಂಡು ಗಾಬರಿಯಾಯಿತು. ಈ ಬ್ಯಾಕ್ಟೀರಿಯಾಗಳು ಸಮುದ್ರದಿಂದಲೇ ಬರುತ್ತವೆಯೇ ಅಥವಾ ಮಾರುವವರ ಕೈಯಲ್ಲಿ ಸೇರುತ್ತವೆಯೇ? ವಾಸನೆ ನೋಡಿ ಕೊಳ್ಳುವ ಅಭ್ಯಾಸದಿಂದ ಪ್ರಯೋಜನವಿಲ್ಲವೇ? ಉಪ್ಪುನೀರಿನಲ್ಲಿ ನೆನೆಸಿಡುವುದು, ಹುಳಿ ಹಿಂಡುವುದು, ಫ್ರೀಜರಿನಲ್ಲಿಡುವುದು, ಇವುಗಳಲ್ಲಿ ಯಾವುದು ನಿಜವಾಗಿ ಕೆಲಸಕ್ಕೆ ಬರುತ್ತದೆ? ಇನ್ನೊಂದು ಮಾತು: ನನ್ನ ತಂದೆಯವರಿಗೆ ಕೆಲವು ವರ್ಷಗಳಿಂದ ಯಕೃತ್ತಿನ ಕಾಯಿಲೆಯಿದೆ. ಮೀನು ಸ್ವಚ್ಛ ಮಾಡುವ ಕೆಲಸದಲ್ಲಿ ಅವರು ನನಗೆ ನೆರವಾಗುತ್ತಾರೆ. ಅವರಿಗೆ ಇದರಿಂದ ಹೆಚ್ಚಿನ ಅಪಾಯವಿದೆಯೇ?

ಸೂಕ್ಷ್ಮದರ್ಶಿ:

ನಾನು ಸೂಕ್ಷ್ಮಜೀವಿಶಾಸ್ತ್ರವನ್ನು ಪಾಠ ಮಾಡುವವನು. ಪರೀಕ್ಷೆಯಿಲ್ಲದೆ ಇದೇ ಕಾರಣವೆಂದು ಯಾರೂ ಹೇಳಲಾರರು. ಆದರೂ ನಿಮ್ಮ ಮಗಳಿಗೆ ಸೋಂಕು ತಗುಲಿದ ದಾರಿ ಬಹುಶಃ ಸೌತೆಕಾಯಿಯೇ ಎಂದು ನನಗನಿಸುತ್ತದೆ. ಸೀಗಡಿ ಬಿಡಿಸಿದ ಮಣೆ, ಚಾಕು, ಇಲ್ಲವೇ ಕೈಯಿಂದ ಹಸಿ ಸೀಗಡಿಯ ನೀರು ಸೌತೆಕಾಯಿಗೆ ತಗುಲಿದ್ದರೆ ಅಷ್ಟೇ ಸಾಕು. ಸೀಗಡಿ ಒಲೆಯ ಮೇಲೆ ಬೆಂದಿತು, ಅದರಲ್ಲಿದ್ದ ಬ್ಯಾಕ್ಟೀರಿಯಾ ಸತ್ತಿತು. ಸೌತೆಕಾಯಿ ಬೇಯಲಿಲ್ಲ.

ಊಟವಾದ ಮರುದಿನವೇ ನೀರಿನಂಥ ಭೇದಿ, ಹೊಟ್ಟೆನುಲಿತ, ಸಣ್ಣ ಜ್ವರ ಕಾಣಿಸಿಕೊಂಡು ಮೂರು ದಿನಗಳಲ್ಲಿ ಇಳಿದುಹೋಗುವುದು ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕಿಗೆ ಚೆನ್ನಾಗಿ ಹೊಂದುವ ಚಿತ್ರ. ಇದನ್ನು ಮೊದಲು ಗುರುತಿಸಿದವರು ಜಪಾನಿನ ತ್ಸುನೆಸಬುರೊ ಫುಜಿನೊ. 1950ರಲ್ಲಿ ಒಸಾಕಾದಲ್ಲಿ ಅರೆ ಒಣಗಿಸಿದ ಸಣ್ಣ ಮೀನುಗಳನ್ನು ತಿಂದ 272 ಜನರು ಕಾಯಿಲೆ ಬಿದ್ದು, ಅವರಲ್ಲಿ 20 ಜನರು ಸತ್ತಾಗ, ಅದರ ಕಾರಣವನ್ನು ಹುಡುಕುತ್ತಾ ಅವರು ಈ ಜೀವಿಯನ್ನು ಬೇರ್ಪಡಿಸಿದರು. ಇದು ಉಪ್ಪನ್ನು ಬಯಸುವ ಜೀವಿ. ಸುಮಾರು ಮೂರು ಶೇಕಡಾ ಉಪ್ಪು, ಅಂದರೆ ಹೆಚ್ಚುಕಡಿಮೆ ಸಮುದ್ರದ ನೀರಿನಷ್ಟೇ ಉಪ್ಪು, ಇದಕ್ಕೆ ಹಿತ. ಬೆಚ್ಚಗಿನ ಕರಾವಳಿ ನೀರಿನಲ್ಲಿ, ಅಳಿವೆಗಳಲ್ಲಿ, ಕೆಸರಿನಲ್ಲಿ, ಸೀಗಡಿ ಏಡಿಗಳ ಚಿಪ್ಪಿನ ಮೇಲೆ ಇದು ಸಹಜವಾಗಿಯೇ ವಾಸಿಸುತ್ತದೆ. ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಇದರ ಮಟ್ಟಿಗೆ ಮಾರುವವರನ್ನು ದೂರಲಾಗದು, ಇದು ಮೀನಿನ ಜೊತೆಗೇ ಸಮುದ್ರದಿಂದ ಬರುತ್ತದೆ. ಆದರೆ ಬಂದಾಗ ಎಷ್ಟಿತ್ತು, ನಿಮ್ಮ ಕೈ ಸೇರುವಾಗ ಎಷ್ಟಾಯಿತು ಎಂಬುದು ಸಂಪೂರ್ಣವಾಗಿ ನಡುವಿನವರ ಮೇಲೆ ನಿಂತಿದೆ.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಲ್ಲವೂ ಅನುಕೂಲವಾಗಿದ್ದರೆ ಈ ಬ್ಯಾಕ್ಟೀರಿಯಾ ಹತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಬಹುತೇಕ ಬ್ಯಾಕ್ಟೀರಿಯಾಗಳಿಗೆ ಈ ವೇಗವಿಲ್ಲ, ಇ. ಕೋಲೈಗೆ ಇದರ ಎರಡರಷ್ಟು ಹೊತ್ತು ಬೇಕು. ನೂರು ಜೀವಿಗಳಿಂದ ಲೆಕ್ಕ ಹಿಡಿದರೆ, ಎರಡು ಗಂಟೆಗಳಲ್ಲಿ ಹನ್ನೆರಡು ಸಲ ಇಮ್ಮಡಿಯಾಗಿ ಅವು ನಾಲ್ಕು ಲಕ್ಷ ದಾಟುತ್ತವೆ. ಮೀನಿನ ಮಾಂಸದ ಮೇಲೆ, ಸಾಮಾನ್ಯ ಬಿಸಿಲಿನ ದಿನದಲ್ಲಿ ವೇಗ ಇದಕ್ಕಿಂತ ಕಡಿಮೆಯಿರುತ್ತದೆ ಎಂಬುದು ನಿಜ, ಆದರೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಐಸ್ ಇಲ್ಲದೆ ಬುಟ್ಟಿಯಲ್ಲಿ ಕುಳಿತ ಸೀಗಡಿಯ ಸ್ಥಿತಿಯನ್ನು ಊಹಿಸಲು ಈ ಲೆಕ್ಕ ನೆರವಾಗುತ್ತದೆ. ಸುಮಾರು 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇದರ ಬೆಳವಣಿಗೆ ನಿಂತುಹೋಗುತ್ತದೆ.

ಇನ್ನು ವಾಸನೆಯ ವಿಷಯ. ಸಮುದ್ರದ ಮೀನಿನ ಮಾಂಸದಲ್ಲಿ ಟ್ರೈಮೀಥೈಲಮೈನ್ ಆಕ್ಸೈಡ್ ಎಂಬ ವಸ್ತುವಿರುತ್ತದೆ. ಮೀನು ಸತ್ತ ಮೇಲೆ ಶೆವನೆಲ್ಲಾದಂಥ ಕೊಳೆಸುವ ಬ್ಯಾಕ್ಟೀರಿಯಾಗಳು ಅದನ್ನು ಟ್ರೈಮೀಥೈಲಮೈನ್ ಆಗಿ ಬದಲಿಸುತ್ತವೆ. ನಾವು ಮೂಗು ಮುಚ್ಚಿಕೊಳ್ಳುವಂತೆ ಮಾಡುವುದು ಮುಖ್ಯವಾಗಿ ಅದೇ. ಹಾಗಾಗಿ ವಾಸನೆ ತಿಳಿಸುವುದು ಕೊಳೆಯುವಿಕೆ ಎಷ್ಟು ಮುಂದುವರಿದಿದೆ ಎಂಬುದನ್ನು. ರೋಗ ತರುವ ಬ್ಯಾಕ್ಟೀರಿಯಾಗಳು ಬೇರೆಯ ಗುಂಪು. ಕಾಯಿಲೆ ತರಬಲ್ಲಷ್ಟು ವಿಬ್ರಿಯೊ ಇರುವ ಸೀಗಡಿ ಕಣ್ಣಿಗೂ ಮೂಗಿಗೂ ಅಂದೇ ಹಿಡಿದಂತೆ ತೋರಬಹುದು. ವಾಸನೆ ಬರುವ ಮೀನನ್ನು ಖಂಡಿತ ಬಿಡಬೇಕು, ಏಕೆಂದರೆ ಅದನ್ನು ಸರಿಯಾಗಿ ತಣ್ಣಗಿಟ್ಟಿಲ್ಲ ಎಂಬುದಕ್ಕೆ ಅದು ಸಾಕ್ಷಿ. ವಾಸನೆ ಬಾರದ ಮೀನನ್ನು ಮಾತ್ರ ನಿರಪಾಯಕಾರಿಯೆಂದು ತಿಳಿಯಬಾರದು.

ನೀವು ಓದಿದ ವರದಿಗಳ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಅವು ಅನಗತ್ಯ ಭಯವನ್ನೂ ಹುಟ್ಟಿಸಬಲ್ಲವು. ಸಮುದ್ರದಲ್ಲಿರುವ ವಿ. ಪ್ಯಾರಾಹೀಮೊಲಿಟಿಕಸ್ ತಳಿಗಳಲ್ಲಿ ಬಹುಪಾಲು ಮನುಷ್ಯರಿಗೆ ಕಾಯಿಲೆ ತರುವುದಿಲ್ಲ. ರೋಗಿಗಳಲ್ಲಿ ಸಿಗುವ ತಳಿಗಳಲ್ಲಿ ಸಾಮಾನ್ಯವಾಗಿ ಟಿಡಿಎಚ್ ಅಥವಾ ಟಿಆರ್‌ಎಚ್ ಎಂಬ ವಿಷಗಳನ್ನು ತಯಾರಿಸುವ ಜೀನ್‌ಗಳಿರುತ್ತವೆ. ಟಿಡಿಎಚ್ ನಮ್ಮ ಜೀವಕೋಶಗಳ ಪೊರೆಯಲ್ಲಿ ರಂಧ್ರ ಕೊರೆಯುತ್ತದೆ. ಮಾರುಕಟ್ಟೆಯ ಮಾದರಿಗಳಲ್ಲಿ ಈ ಜೀನ್‌ಗಳಿರುವ ತಳಿಗಳು ಅಲ್ಪ ಪ್ರಮಾಣದಲ್ಲಷ್ಟೇ ಸಿಗುತ್ತವೆ. ಆದ್ದರಿಂದ ‘ಇಷ್ಟು ಮಾದರಿಗಳಲ್ಲಿ ವಿಬ್ರಿಯೊ ಪತ್ತೆ’ ಎಂದು ಬರೆದಿದ್ದರೆ, ಆ ಜೀನ್‌ಗಳನ್ನು ಹುಡುಕಿದರೇ, ಒಂದು ಗ್ರಾಮಿನಲ್ಲಿ ಎಷ್ಟು ಎಂದು ಎಣಿಸಿದರೇ ಎಂದು ನೋಡಿ. ಇರುವಿಕೆಯೊಂದನ್ನೇ ಹೇಳಿ ಪ್ರಮಾಣ ಹೇಳದ ವರದಿಯಿಂದ ಅಪಾಯವನ್ನು ಅಳೆಯಲಾಗದು. ಹಾಗೆಂದು ಉದಾಸೀನವೂ ಸಲ್ಲದು: 1996ರಲ್ಲಿ ಕೋಲ್ಕತ್ತಾದ ರೋಗಿಗಳಲ್ಲಿ ಇದ್ದಕ್ಕಿದ್ದಂತೆ ಹೆಚ್ಚಿದ ಓ3:ಕೆ6 ಎಂಬ ತಳಿ ಕೆಲವೇ ವರ್ಷಗಳಲ್ಲಿ ಹಲವು ಖಂಡಗಳಲ್ಲಿ ಕಾಣಿಸಿಕೊಂಡಿತು.

ಪ್ರಯೋಗಾಲಯದವಳು:

ಮೀನು ಸಂಸ್ಕರಣಾ ಘಟಕವೊಂದರ ಗುಣಮಟ್ಟ ಪರೀಕ್ಷೆಯ ವಿಭಾಗದಲ್ಲಿ ಹಲವು ವರ್ಷ ಕೆಲಸ ಮಾಡಿದ ಅನುಭವದಿಂದ ಬರೆಯುತ್ತಿದ್ದೇನೆ. ಸೂಕ್ಷ್ಮದರ್ಶಿಯವರು ಸಮುದ್ರದಿಂದಲೇ ಬರುವ ಜೀವಿಯ ಬಗ್ಗೆ ವಿವರವಾಗಿ ಹೇಳಿದ್ದಾರೆ. ಆದರೆ ಸಾಲ್ಮೊನೆಲ್ಲಾ, ಇ. ಕೋಲೈ ಮತ್ತು ಸ್ಟ್ಯಾಫಿಲೊಕಾಕಸ್ ಔರಿಯಸ್ ಸಮುದ್ರದ ನಿವಾಸಿಗಳಲ್ಲ. ಮೊದಲಿನ ಎರಡು ಮನುಷ್ಯರ ಅಥವಾ ಪ್ರಾಣಿಗಳ ಮಲದಿಂದ, ಮೂರನೆಯದು ಕೆಲಸ ಮಾಡುವವರ ಮೂಗು, ಚರ್ಮ ಮತ್ತು ಗಾಯಗಳಿಂದ ಬರುತ್ತವೆ. ಮೀನಿನಲ್ಲಿ ಇವು ಕಂಡರೆ ಒಳಚರಂಡಿಯ ನೀರು, ಕೊಳಕು ಐಸ್, ತೊಳೆಯದ ಕೈ, ಇವುಗಳಲ್ಲಿ ಯಾವುದೋ ಒಂದು ಅದನ್ನು ಮುಟ್ಟಿದೆ ಎಂದೇ ಅರ್ಥ. ಪ್ರಯೋಗಾಲಯದಲ್ಲಿ ಸಾಲ್ಮೊನೆಲ್ಲಾವನ್ನು 25 ಗ್ರಾಂ ಮಾಂಸದಲ್ಲಿ ಹುಡುಕುತ್ತೇವೆ. ಅಷ್ಟರಲ್ಲಿ ಒಂದೂ ಇರಕೂಡದು ಎಂಬುದು ನಿಯಮ. ವಿಬ್ರಿಯೊಗೆ ಎಣಿಕೆಯ ಮಿತಿಯನ್ನು ಒಪ್ಪಿಕೊಳ್ಳಬಹುದು, ಮಲದಿಂದ ಬಂದ ರೋಗಾಣುವಿಗೆ ಅಂಥ ರಿಯಾಯಿತಿ ಸಲ್ಲದು ಎಂಬ ಈ ಭೇದವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ.

ಐಸ್ ಬಗ್ಗೆ ಜನರಿಗೆ ಇರುವ ನಂಬಿಕೆ ನನ್ನನ್ನು ಸದಾ ಚಿಂತೆಗೀಡು ಮಾಡುತ್ತದೆ. ಮೀನಿನ ಸುತ್ತ ಐಸ್ ಕಂಡರೆ ಎಲ್ಲವೂ ಸರಿಯಿದೆ ಎಂದು ಕೊಳ್ಳುವವರು ಭಾವಿಸುತ್ತಾರೆ. ಕರಗುವ ಐಸ್ ಮೀನನ್ನು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಇಡುತ್ತದೆ, ಕರಗಿದ ನೀರು ಲೋಳೆಯನ್ನೂ ಹೊರಹಾಕುತ್ತದೆ; ಇದಕ್ಕಿಂತ ಒಳ್ಳೆಯ ಸರಳ ವಿಧಾನ ಮತ್ತೊಂದಿಲ್ಲ. ಆದರೆ ಆ ಐಸನ್ನು ಕುಡಿಯಲು ಯೋಗ್ಯವಾದ ನೀರಿನಿಂದಲೇ ಮಾಡಿರಬೇಕು, ನಿನ್ನೆಯ ಐಸನ್ನು ಇಂದಿನ ಮೀನಿಗೆ ಹಾಕಬಾರದು, ಕರಗಿದ ನೀರು ತೊಟ್ಟಿಯಲ್ಲಿ ನಿಲ್ಲದೆ ಹರಿದು ಹೋಗಬೇಕು. ಮೀನು ಐಸಿನ ಮೇಲೆ ಕೂತಿದ್ದರಷ್ಟೇ ಸಾಲದು, ಮೇಲೂ ಕೆಳಗೂ ಐಸ್ ಇರಬೇಕು. ತೆಳುವಾದ ಐಸಿನ ಹಾಸಿನ ಮೇಲೆ ರಾಶಿ ಹಾಕಿದ ಮೀನಿನ ಮೇಲ್ಪದರದ ಉಷ್ಣತೆಯನ್ನು ಥರ್ಮಾಮೀಟರ್ ಹಾಕಿ ನೋಡಿದಾಗ, ಅದು ಹೊರಗಿನ ಗಾಳಿಗೆ ಹತ್ತಿರವಿದ್ದುದನ್ನು ನಾನು ಅನೇಕ ಸಲ ಕಂಡಿದ್ದೇನೆ.

ಬಂಗುಡೆ, ಬೂತಾಯಿ, ಟ್ಯೂನಾದಂಥ ಮೀನುಗಳನ್ನು ಕೊಳ್ಳುವವರು ಮತ್ತೊಂದು ಅಪಾಯವನ್ನೂ ತಿಳಿದಿರಬೇಕು. ಇವುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲ ಹೇರಳವಾಗಿದೆ. ಹಿಡಿದ ಮೇಲೆ ಬೇಗನೆ ತಣ್ಣಗಾಗಿಸದಿದ್ದರೆ ಮಾರ್ಗನೆಲ್ಲಾ ಮಾರ್ಗನಿಯಂಥ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಪರಿವರ್ತಿಸುತ್ತವೆ. ತಿಂದ ಕೆಲವೇ ನಿಮಿಷಗಳಿಂದ ಗಂಟೆಯೊಳಗೆ ಮುಖ ಕೆಂಪಾಗುವುದು, ತಲೆನೋವು, ಮೈಮೇಲೆ ದದ್ದು, ಎದೆಬಡಿತ ಕಾಣಿಸಿಕೊಳ್ಳುತ್ತವೆ. ಬಹಳ ಮಂದಿ ಇದನ್ನು ಮೀನಿನ ಅಲರ್ಜಿಯೆಂದೇ ತಿಳಿದು ಆ ಮೀನನ್ನೇ ಬಿಟ್ಟುಬಿಡುತ್ತಾರೆ. ಒಂದು ಕಿಲೊಗ್ರಾಂ ಮೀನಿನಲ್ಲಿ ಹಿಸ್ಟಮಿನ್ 200 ಮಿಲಿಗ್ರಾಂ ಮೀರಬಾರದು ಎಂಬುದು ಕೋಡೆಕ್ಸ್ ಅಲಿಮೆಂಟೇರಿಯಸ್ ಎಂಬ ಅಂತರರಾಷ್ಟ್ರೀಯ ಆಹಾರ ಸಂಹಿತೆಯ ಮಾನದಂಡ. ಇದರಲ್ಲಿ ಕಷ್ಟವೇನೆಂದರೆ, ಒಮ್ಮೆ ಹುಟ್ಟಿದ ಹಿಸ್ಟಮಿನ್ ಬೇಯಿಸಿದರೂ, ಹುರಿದರೂ, ಹೆಪ್ಪುಗಟ್ಟಿಸಿದರೂ ಹೋಗುವುದಿಲ್ಲ. ಇಲ್ಲಿ ಒಲೆ ನಿಮ್ಮನ್ನು ಕಾಪಾಡದು, ಹಿಡಿದ ಗಳಿಗೆಯಿಂದ ಕಾಯ್ದುಕೊಂಡು ಬಂದ ತಣ್ಪು ಮಾತ್ರ ಕಾಪಾಡುತ್ತದೆ.

ಕಪ್ಪೆಚಿಪ್ಪು, ಆಯ್ಸ್ಟರ್‌ಗಳ ಮಾತು ಬೇರೆ. ಅವು ದಿನವಿಡೀ ನೀರನ್ನು ಸೋಸಿ ಆಹಾರ ಹುಡುಕುವುದರಿಂದ ನೀರಿನಲ್ಲಿ ಚದುರಿರುವ ಬ್ಯಾಕ್ಟೀರಿಯಾಗಳು ಅವುಗಳ ಒಡಲಲ್ಲಿ ಒಟ್ಟುಗೂಡುತ್ತವೆ. ಶುದ್ಧ ನೀರಿನ ತೊಟ್ಟಿಯಲ್ಲಿಟ್ಟು ಅವುಗಳನ್ನು ಶುದ್ಧಗೊಳಿಸುವ ಕ್ರಮವಿದೆ. ಅದರಿಂದ ಇ. ಕೋಲೈ ಬಹುಮಟ್ಟಿಗೆ ಹೊರಹೋದರೂ ವಿಬ್ರಿಯೊ ಅಷ್ಟು ಸುಲಭವಾಗಿ ಬಿಟ್ಟು ಹೋಗುವುದಿಲ್ಲ. ಅವುಗಳನ್ನು ಹಸಿಯಾಗಿ ತಿನ್ನಬೇಡಿ ಎಂದು ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ.

ಎಚ್ಚರ ವಹಿಸಿದರೆ ಫಲವಿದೆ ಎಂಬುದಕ್ಕೆ ಜಪಾನ್ ಉದಾಹರಣೆ. ಅಲ್ಲಿ 1998ರ ಸುಮಾರಿಗೆ ವಿ. ಪ್ಯಾರಾಹೀಮೊಲಿಟಿಕಸ್ ಪ್ರಕರಣಗಳು ತುಂಬಾ ಹೆಚ್ಚಿದ್ದವು. 2001ರಲ್ಲಿ, ಹಸಿಯಾಗಿ ತಿನ್ನುವ ಮೀನಿನಲ್ಲಿ ಈ ಜೀವಿ ಗ್ರಾಮಿಗೆ 100 ಮೀರಬಾರದು, ಅದನ್ನು 10 ಡಿಗ್ರಿಗಿಂತ ಕೆಳಗೆ ಇಟ್ಟು ಮಾರಬೇಕು ಎಂಬ ನಿಯಮ ಜಾರಿಗೆ ಬಂತು. ಮುಂದಿನ ವರ್ಷಗಳಲ್ಲಿ ಪ್ರಕರಣಗಳು ಬಹಳವಾಗಿ ಇಳಿದವು. ಜನರು ಹಸಿ ಮೀನು ತಿನ್ನುವುದನ್ನು ಬಿಡಲಿಲ್ಲ, ಬದಲಾದದ್ದು ಅದನ್ನು ಇಡುವ ರೀತಿ.

ತಿಳಿನೀರು:

ಉಪ್ಪುನೀರಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ನಾನು ಓದಿ ತಿಳಿದದ್ದನ್ನು ಹೇಳುತ್ತೇನೆ. ವಿಬ್ರಿಯೊಗೆ ಉಪ್ಪು ಬೇಕು ಎಂದಾದರೆ ಉಪ್ಪುನೀರಿನಲ್ಲಿ ನೆನೆಸುವುದು ಅದಕ್ಕೆ ಉಪಚಾರ ಮಾಡಿದಂತೆಯೇ ಸರಿ. ಅದರ ಬದಲು ಸಿಹಿನೀರಿನ ನಲ್ಲಿಯ ಕೆಳಗೆ ಚೆನ್ನಾಗಿ ತೊಳೆದರೆ ಆ ಜೀವಿ ಸಾಯುತ್ತದೆ. ಆದ್ದರಿಂದ ಮೀನನ್ನು ಎಷ್ಟು ಹೆಚ್ಚು ತೊಳೆದರೆ ಅಷ್ಟು ಒಳ್ಳೆಯದು.

ಸೂಕ್ಷ್ಮದರ್ಶಿ:

ತಿಳಿನೀರು ಅವರ ಮಾತಿನ ಮೊದಲರ್ಧ ಸರಿಯಾಗಿದೆ, ಎರಡನೆಯ ಅರ್ಧಕ್ಕೆ ಒಂದು ತಿದ್ದುಪಡಿ ಬೇಕು. ಉಪ್ಪಿಲ್ಲದ ನೀರು ವಿ. ಪ್ಯಾರಾಹೀಮೊಲಿಟಿಕಸ್‌ಗೆ ಮಾರಕ, ತೊಳೆದಾಗ ಮೇಲ್ಮೈಯಲ್ಲಿರುವ ಸಂಖ್ಯೆ ಇಳಿಯುತ್ತದೆ. ಆದರೆ ಕಿವಿರಿನೊಳಗೆ, ಕರುಳಿನಲ್ಲಿ, ಚಿಪ್ಪಿನ ಸಂದುಗಳಲ್ಲಿ ಇರುವುದಕ್ಕೆ ಆ ನೀರು ತಲಪುವುದಿಲ್ಲ. ಸಾಲ್ಮೊನೆಲ್ಲಾ, ಲಿಸ್ಟೀರಿಯಾಗಳಿಗೆ ಸಿಹಿನೀರಿನಿಂದ ಯಾವ ತೊಂದರೆಯೂ ಇಲ್ಲ. ನಲ್ಲಿಯನ್ನು ಜೋರಾಗಿ ಬಿಟ್ಟು ತೊಳೆದರೆ ಹನಿಗಳು ಸಿಡಿದು ಪಕ್ಕದ ಪಾತ್ರೆ, ಒರಸುವ ಬಟ್ಟೆ, ಹೆಚ್ಚಿಟ್ಟ ತರಕಾರಿಗಳ ಮೇಲೆ ಬೀಳುತ್ತವೆ, ಮನೆಯಡುಗೆಯವರ ಮನೆಯಲ್ಲಿ ಆಗಿರಬಹುದಾದದ್ದೂ ಬಹುಶಃ ಅದೇ. ನೀರನ್ನು ಸಣ್ಣಗೆ ಬಿಟ್ಟು, ಸುತ್ತಲಿನ ತಿನಿಸುಗಳನ್ನು ದೂರ ಸರಿಸಿ, ನಂತರ ತೊಟ್ಟಿಯನ್ನೂ ಮಣೆಯನ್ನೂ ಸೋಪಿನಿಂದ ತೊಳೆದು ಬಿಸಿನೀರು ಸುರಿದು ಒಣಗಿಸುವುದಾದರೆ ತೊಳೆಯಿರಿ. ಹಸಿಯಾಗಿ ತಿನ್ನುವ ಪದಾರ್ಥಗಳನ್ನು ಮೀನು ಮುಟ್ಟುವ ಮೊದಲೇ ಹೆಚ್ಚಿ ಮುಚ್ಚಿಡುವುದು ಇನ್ನೂ ಸರಳವಾದ ಉಪಾಯ.

ಹುಳಿ ಹಿಂಡಿದಾಗ ಮಾಂಸ ಬಿಳಿಚಿಕೊಂಡು ಬೆಂದಂತೆ ಕಾಣುತ್ತದೆ, ಅಷ್ಟೇ. ಆಮ್ಲ ಪ್ರೋಟೀನನ್ನು ಗಟ್ಟಿಗೊಳಿಸುತ್ತದೆ, ಒಳಗಿನ ಬ್ಯಾಕ್ಟೀರಿಯಾ ಬದುಕಿರುತ್ತದೆ. ಹೆಪ್ಪುಗಟ್ಟಿಸುವುದರಿಂದ ಅನಿಸಾಕಿಸ್‌ನಂಥ ಹುಳುಗಳು ಸಾಯುತ್ತವೆ, ಮೈನಸ್ 20 ಡಿಗ್ರಿಯಲ್ಲಿ ಏಳು ದಿನ ಇಡಬೇಕೆಂಬ ಸಲಹೆಯಿರುವುದು ಆ ಪರೋಪಜೀವಿಗಳಿಗಾಗಿ. ಬ್ಯಾಕ್ಟೀರಿಯಾಗಳ ಸಂಖ್ಯೆ ಫ್ರೀಜರಿನಲ್ಲಿ ಸ್ವಲ್ಪ ಇಳಿಯಬಹುದು, ಆದರೆ ಉಳಿದವು ಕರಗಿದ ಮೇಲೆ ಮತ್ತೆ ಬೆಳೆಯುತ್ತವೆ. ನಂಬಬಹುದಾದದ್ದು ಬೆಂಕಿಯೊಂದನ್ನೇ: ಮಾಂಸದ ನಡುಭಾಗ 63 ಡಿಗ್ರಿ ಮುಟ್ಟಬೇಕು, ಅಂದರೆ ಮಾಂಸ ಪಾರದರ್ಶಕತೆ ಕಳೆದುಕೊಂಡು ಸುಲಭವಾಗಿ ಪದರು ಪದರಾಗಿ ಬಿಡಬೇಕು. ಚಿಪ್ಪಿನ ಜೀವಿಗಳನ್ನು ಬಾಯಿ ತೆರೆದ ಮೇಲೂ ಮೂರರಿಂದ ಐದು ನಿಮಿಷ ಕುದಿಸಬೇಕು. ಬಾಯಿ ತೆರೆಯದವನ್ನು ಎಸೆಯಬೇಕು.

ನಾಡಿಮಿಡಿತ:

ನಾನು ವೈದ್ಯೆ. ತಂದೆಯವರ ಬಗ್ಗೆ ಕೇಳಿದ ಪ್ರಶ್ನೆ ಕೊನೆಯಲ್ಲಿ ಬಂದಿದೆ, ಆದರೆ ಈ ಇಡೀ ಚರ್ಚೆಯಲ್ಲಿ ಅದೇ ಅತ್ಯಂತ ತುರ್ತಿನದು. ಅವರು ಹಸಿ ಮೀನನ್ನು, ಸೀಗಡಿಯನ್ನು, ಚಿಪ್ಪುಗಳನ್ನು ಬಿಡಿಸುವ ಕೆಲಸವನ್ನು ಇಂದಿನಿಂದಲೇ ನಿಲ್ಲಿಸಲಿ.

ವಿಬ್ರಿಯೊ ವಲ್ನಿಫಿಕಸ್ ಎಂಬ ಇನ್ನೊಂದು ಜೀವಿ ಬೆಚ್ಚಗಿನ ಕರಾವಳಿ ನೀರಿನಲ್ಲಿದೆ. ಆರೋಗ್ಯವಂತರಿಗೆ ಇದರಿಂದ ತೊಂದರೆಯಾಗುವುದು ವಿರಳ. ಆದರೆ ಯಕೃತ್ತಿನ ದೀರ್ಘಕಾಲದ ಕಾಯಿಲೆ ಇರುವವರ ರಕ್ತದಲ್ಲಿ ಕಬ್ಬಿಣದ ಅಂಶ ಬ್ಯಾಕ್ಟೀರಿಯಾಗೆ ಸುಲಭವಾಗಿ ಸಿಗುವುದುಂಟು, ರೋಗಾಣುಗಳನ್ನು ಸೋಸುವ ಯಕೃತ್ತಿನ ಶಕ್ತಿಯೂ ಕುಗ್ಗಿರುತ್ತದೆ. ಈ ಜೀವಿಗೆ ಬೇಕಾದದ್ದೂ ಅದೇ. ಹಸಿ ಚಿಪ್ಪನ್ನು ತಿಂದಾಗ ಹೊಟ್ಟೆಯ ಮೂಲಕ, ಇಲ್ಲವೇ ಸೀಗಡಿಯ ಮುಳ್ಳು ಚುಚ್ಚಿದ ಗಾಯದ ಮೂಲಕ ಅದು ರಕ್ತವನ್ನು ಸೇರಬಹುದು. ರಕ್ತಕ್ಕೆ ಸೇರಿದ ಸೋಂಕಿನಲ್ಲಿ ಸುಮಾರು ಅರ್ಧದಷ್ಟು ರೋಗಿಗಳು ಬದುಕುವುದಿಲ್ಲ, ಕೆಲವರು ಕಾಯಿಲೆ ಕಾಣಿಸಿಕೊಂಡ ಒಂದೆರಡು ದಿನಗಳಲ್ಲೇ ಸಾಯುತ್ತಾರೆ. ಮೀನು ಮುಟ್ಟಿದ ಮೇಲೆ ಗಾಯದ ಸುತ್ತ ವೇಗವಾಗಿ ಹರಡುವ ಕೆಂಪು, ಗಾಯದ ಗಾತ್ರಕ್ಕೆ ಮೀರಿದ ನೋವು, ರಕ್ತ ತುಂಬಿದ ಗುಳ್ಳೆ, ಚಳಿಜ್ವರ ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಹೋದೊಡನೆ ‘ಯಕೃತ್ತಿನ ಕಾಯಿಲೆಯಿದೆ, ಹಸಿ ಸೀಗಡಿ ಮುಟ್ಟಿದ್ದರು’ ಎಂಬ ಎರಡು ಸಂಗತಿಗಳನ್ನು ಹೇಳಬೇಕು. ಆ ಮಾತಿನಿಂದ ಸರಿಯಾದ ಆಂಟಿಬಯಾಟಿಕ್ ಹಲವು ಗಂಟೆ ಮೊದಲೇ ಶುರುವಾಗಬಹುದು. ಚೆನ್ನಾಗಿ ಬೆಂದ ಮೀನನ್ನು ಅವರು ತಿನ್ನಲು ಈ ಕಾರಣಕ್ಕಾಗಿ ಅಡ್ಡಿಯಿಲ್ಲ.

ಗರ್ಭಿಣಿಯರು ಮನೆಯಲ್ಲಿದ್ದರೆ ಲಿಸ್ಟೀರಿಯಾವನ್ನು ನೆನಪಿಡಿ. ಫ್ರಿಜ್‌ನ ತಣ್ಪಿನಲ್ಲೂ ಅದು ನಿಧಾನವಾಗಿ ಬೆಳೆಯುತ್ತದೆ. ತಾಯಿಗೆ ಸಣ್ಣ ಜ್ವರವಷ್ಟೇ ಬಂದರೂ ಗರ್ಭಪಾತವಾಗಬಹುದು. ಬೇಯಿಸದೆ ತಿನ್ನುವ ಹೊಗೆ ಹಾಕಿದ ಮೀನನ್ನು ಅವರು ಬಿಡುವುದು ಲೇಸು.

ಮಕ್ಕಳ ಭೇದಿಯ ಬಗ್ಗೆ: ಓಆರ್‌ಎಸ್ ಮೊದಲ ಔಷಧ. ವಿಬ್ರಿಯೊದ ಸಾಮಾನ್ಯ ಭೇದಿಗೆ ಆಂಟಿಬಯಾಟಿಕ್ ಬೇಕಾಗುವುದು ಕಡಿಮೆ, ಸ್ವಂತ ನಿರ್ಧಾರದಿಂದ ಕೊಡಲೇಬೇಡಿ. ಮಲದಲ್ಲಿ ರಕ್ತ, ಹೆಚ್ಚು ಜ್ವರ, ಮೂತ್ರ ಕಡಿಮೆಯಾಗುವುದು, ಮಂಕು, ಇವುಗಳಲ್ಲಿ ಒಂದಿದ್ದರೂ ವೈದ್ಯರನ್ನು ಕಾಣಿ.

ಮನೆಯಡುಗೆ:

ನಿಮ್ಮೆಲ್ಲರ ಉತ್ತರಗಳನ್ನು ತಂದೆಯವರಿಗೂ ಓದಿ ಹೇಳಿದೆ. ಬಿಡಿಸುವ ಕೆಲಸ ಇನ್ನು ನನ್ನದೇ, ಕೈಗವಸು ತಂದಿದ್ದೇನೆ. ಆ ದಿನ ಸೌತೆಕಾಯಿ ಹೆಚ್ಚಿದ್ದು ಅದೇ ಮಣೆಯ ಮೇಲೆಯೇ. ನೀರಿನಲ್ಲಿ ತೊಳೆದು ತಿರುಗಿಸಿ ಹಾಕಿಕೊಂಡಿದ್ದೆ ಎಂಬುದು ಈಗ ನೆನಪಾಗುತ್ತಿದೆ. ಒಂದೇ ಒಂದು ಪ್ರಶ್ನೆ ಉಳಿದಿದೆ. ಗಾಳಿ ತೆಗೆದು ಬಿಗಿಯಾಗಿ ಮುಚ್ಚಿದ ಪ್ಯಾಕೆಟ್‌ಗಳಲ್ಲಿ ಹೆಪ್ಪುಗಟ್ಟಿಸಿ ಮಾರುವ ಮೀನು ಹೆಚ್ಚು ಸುರಕ್ಷಿತವೇ?

ಪ್ರಯೋಗಾಲಯದವಳು:

ಹೆಪ್ಪುಗಟ್ಟಿರುವವರೆಗೂ ಸುರಕ್ಷಿತ, ಹೊರಗಿನ ಕೈಗಳು ಮುಟ್ಟದಿರುವುದು ಅದರ ದೊಡ್ಡ ಅನುಕೂಲ. ಆದರೆ ಆ ಪ್ಯಾಕೆಟನ್ನು ಮುಚ್ಚಿದ ಹಾಗೆಯೇ ಕರಗಿಸಬೇಡಿ. ಕ್ಲಾಸ್ಟ್ರಿಡಿಯಮ್ ಬೊಟುಲಿನಮ್‌ನ ‘ಇ’ ಬಗೆಯ ಬೀಜಕಣಗಳು ಮೀನಿನಲ್ಲಿ ಇರಬಹುದು. ಅವು ಗಾಳಿಯಿಲ್ಲದ ಕಡೆಯೇ ಬೆಳೆಯುತ್ತವೆ, ಸುಮಾರು 3 ಡಿಗ್ರಿಯ ತಣ್ಪಿನಲ್ಲೂ ಬೆಳೆದು ನರಗಳನ್ನು ಕಟ್ಟಿಹಾಕುವ ವಿಷವನ್ನು ಉಂಟುಮಾಡಬಲ್ಲವು. ಫ್ರೀಜರಿನಿಂದ ತೆಗೆದ ಕೂಡಲೇ ಪ್ಯಾಕೆಟನ್ನು ಕತ್ತರಿಸಿ, ಮೀನನ್ನು ಅಗಲವಾದ ಪಾತ್ರೆಗೆ ಹಾಕಿ, ಸಡಿಲವಾಗಿ ಮುಚ್ಚಿ, ಫ್ರಿಜ್‌ನ ಕೆಳಗಿನ ಹಂತದಲ್ಲಿ ಕರಗಲು ಬಿಡಿ. ಕೆಳಗಿನ ಹಂತ ಏಕೆಂದರೆ, ಪಾತ್ರೆ ತುಳುಕಿದರೂ ಆ ನೀರು ಬೇರೆ ತಿನಿಸಿನ ಮೇಲೆ ಬೀಳುವುದಿಲ್ಲ. ಕರಗಿದ್ದನ್ನು ಮತ್ತೆ ಫ್ರೀಜರಿಗೆ ಹಾಕದೆ ಮರುದಿನದೊಳಗೆ ಬೇಯಿಸಿಬಿಡಿ.